ಕಲಾಕ್ಷೇತ್ರದ ಅಳತೆಗೆ ಕಟ್ಟಿದ ನಾಟಕ, ಶಾಲೆಯ ಹಾಲ್‌ಗೂ ಕಾಫಿ ಒಣಗಿಸುವ ಕಣಕ್ಕೂ ಹೊರಟಿದೆ: ಬೆಳಕು, ಜಾಗ, ದನಿ ಹೊಂದಿಸುವುದು ಹೇಗೆ?

ಹಾಸನದ ತಂಡ

ಎಲ್ಲರಿಗೂ ನಮಸ್ಕಾರ. ನಮ್ಮದು ಏಳು ಜನರ ತಂಡ. ಐವರು ನಟರು, ಬೆಳಕಿಗೊಬ್ಬರು, ಸಂಗೀತಕ್ಕೊಬ್ಬರು. 70 ನಿಮಿಷದ ಪ್ರಯೋಗ. ಮಾತು ಕಡಿಮೆ, ಮೈ, ಸದ್ದು, ಮೌನದ ಮೇಲೆ ನಿಂತ ನಾಟಕ. ನೆಲದ ಮೇಲೆ ಮಲಗಿ ಆಡುವ ದೃಶ್ಯಗಳಿವೆ, ಎರಡು ಕಡೆ ಪಿಸುಮಾತಿದೆ. ನಮ್ಮೂರಿನ ರಂಗಮಂದಿರ ಹಾಸನಾಂಬ ಕಲಾಕ್ಷೇತ್ರದ ವೇದಿಕೆ ಮನಸ್ಸಲ್ಲಿಟ್ಟುಕೊಂಡೇ ಕಟ್ಟಿದ್ದು.

ನವೆಂಬರಿನಿಂದ ಮಾರ್ಚ್‌ವರೆಗೆ ಹತ್ತು ಆಟ ಆಡುವ ಯೋಚನೆಯಿದೆ. ಅರಸೀಕೆರೆ, ಚನ್ನರಾಯಪಟ್ಟಣ, ಬೇಲೂರು, ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ. ಹೆಚ್ಚಿನವು ಶಾಲೆ ಹಾಲು ಅಥವಾ ಸಮುದಾಯ ಭವನ, ಮೂರು ಮಾತ್ರ ಕಾಫಿ ತೋಟದ ಕಣ. ಈಗ ಕೈಯಲ್ಲಿರುವುದು: 1000 ವ್ಯಾಟಿನ ಆರು ಪಾರ್ ಲೈಟು (ವೇದಿಕೆಗೆ ಬಳಸುವ ಹ್ಯಾಲೋಜನ್ ದೀಪ), ಬೆಳಕು ಏರಿಳಿಸುವ ನಾಲ್ಕು ಚಾನೆಲ್ಲಿನ ಡಿಮ್ಮರ್, 8 ಅಡಿಯ ಎರಡು ಫ್ಲಾಟು (ಹಿನ್ನೆಲೆಗೆ ನಿಲ್ಲಿಸುವ ಚೌಕಟ್ಟು), 10 ಅಡಿಯ ಬಿದಿರಿನ ಏಣಿ, ಕೂರಲು ಹತ್ತಲು ಐದು ಪ್ಲೈವುಡ್ ಡಬ್ಬ. ಸಾಮಾನಿಗೆ ಒಂದು ಟಾಟಾ ಏಸ್.

ಇಷ್ಟೂ ಹೊತ್ತುಕೊಂಡು ಹೋಗಬೇಕೆ, ಏನು ಬಿಡಬೇಕು? ಹೋದ ಮೇಲೆ ಎರಡು ಗಂಟೆಯೊಳಗೆ ಆಟಕ್ಕೆ ಸಜ್ಜಾಗಲು ಸಾಧ್ಯವೆ? ಈ ಭಾಗದಲ್ಲಿ ಓಡಾಡಿ ಕೆಲಸ ಮಾಡಿದವರು ವಿವರವಾಗಿ ತಿಳಿಸಿದರೆ ಉಪಕಾರ.

ಬೆಳಕಿನ ಕೆಲಸ

ಮೊದಲು ಕರೆಂಟಿನ ಲೆಕ್ಕ ಮಾಡಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಆರು ಪಾರ್ ಪೂರ್ತಿ ಉರಿದರೆ 6000 ವ್ಯಾಟ್, 230 ವೋಲ್ಟಿಗೆ 26 ಆಂಪಿಯರ್. ಶಾಲೆ ಗೋಡೆಯಲ್ಲಿ ಸಾಮಾನ್ಯವಾಗಿ ಸಿಗುವ 6 ಆಂಪಿಯರ್ ಸಾಕೆಟ್ 1380 ವ್ಯಾಟಿಗೆ ಮುಗಿಯಿತು. 16ರ ಸಾಕೆಟ್ ಸಿಕ್ಕರೂ 3680. ಎರಡು ಸಾಕೆಟ್ಟಿಗೆ ಹಂಚಿದರೆ ಸರಿಹೋಗುತ್ತೆ ಅಂದುಕೊಳ್ಳಬೇಡಿ, ಗೋಡೆಯ ಹಿಂದೆ ಎರಡಕ್ಕೂ ಬಂದಿರುವುದು ಒಂದೇ ವೈರು ಆಗಿರಬಹುದು. ಫ್ಯೂಸ್ ಹಾರಿದರೆ ಪುಣ್ಯ. ಹಳೇ ಕಟ್ಟಡದ ಫ್ಯೂಸಿಗೆ ಯಾರೋ ದಪ್ಪ ತಂತಿ ಸುತ್ತಿಟ್ಟಿದ್ದರೆ ಫ್ಯೂಸಿನ ಬದಲು ವೈರೇ ಗೋಡೆಯೊಳಗೆ ಬಿಸಿಯಾಗುತ್ತೆ.

ಎರಡನೇ ತೊಂದರೆ ವೋಲ್ಟೇಜಿನದು. ಸಂಜೆ ಲೋಡ್ ಏರಿ 180ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಹ್ಯಾಲೋಜನ್ ಬೆಳಕು ವೋಲ್ಟೇಜಿನ ಜೊತೆ ಸಮವಾಗಿ ಇಳಿಯುವುದಿಲ್ಲ, ಧುಮುಕುತ್ತೆ. 230ರಲ್ಲಿ ನೂರು ಇದ್ದದ್ದು 180ರಲ್ಲಿ ಸುಮಾರು 43 ಆಗುತ್ತೆ, ಬಣ್ಣವೂ ಕೆಂಪಗೆ ಮಾಸುತ್ತೆ. ಹಾಸನದಲ್ಲಿ ಕೂತು ಬರೆದ ಕ್ಯೂ ಶೀಟಿನ (ಯಾವಾಗ ಯಾವ ಲೈಟು ಎಷ್ಟು ಅನ್ನುವ ಪಟ್ಟಿ) ಅಂಕಿಗಳು ಆ ರಾತ್ರಿ ಉಪಯೋಗಕ್ಕೆ ಬರುವುದಿಲ್ಲ. ಎಲ್‌ಇಡಿ ಪಾರ್‌ಗಳಲ್ಲಿ ಹೆಚ್ಚಿನವು 100ರಿಂದ 240 ವೋಲ್ಟಿನೊಳಗೆ ಒಂದೇ ಸಮ ಉರಿಯುತ್ತವೆ. ಕೊಳ್ಳುವಾಗ ಹಿಂದಿನ ಚೀಟಿಯಲ್ಲಿ ಈ ಅಂಕಿ ನೋಡಿ.

ನನ್ನ ಸಲಹೆ: ಆರು ಪಾರ್ ಮನೆಯಲ್ಲೇ ಬಿಡಿ. ನಾಲ್ಕು ಬೆಚ್ಚನೆಯ ಬಿಳಿ ಎಲ್‌ಇಡಿ, ನಾಲ್ಕು ಬಣ್ಣದ ಎಲ್‌ಇಡಿ, ಜೊತೆಗೆ 500 ವ್ಯಾಟಿನ ಎರಡು ಹ್ಯಾಲೋಜನ್. ಎಲ್‌ಇಡಿ ತಲಾ 120 ವ್ಯಾಟ್ ಹಿಡಿದರೂ ಎಲ್ಲ ಸೇರಿ 2000 ವ್ಯಾಟ್ ದಾಟುವುದಿಲ್ಲ. ಅಂದರೆ 9 ಆಂಪಿಯರ್ ಒಳಗೆ, ಒಂದೇ 16ರ ಪಾಯಿಂಟಿನಲ್ಲಿ ನಾಟಕ ನಡೆಯುತ್ತೆ. ಮುಖಕ್ಕೆ ಬೆಚ್ಚನೆಯ ಬಿಳಿಯದೇ ಇರಲಿ. ಕೆಂಪು, ಹಸಿರು, ನೀಲಿ ಬೆರೆಸಿ ಮಾಡಿದ ಬಿಳಿ ಬೆಳಕಿನಲ್ಲಿ ನಮ್ಮ ಮೈಬಣ್ಣ ಬೂದಿ ಬಳಿದಂತೆ ಕಾಣುತ್ತೆ. ಮುಖದ ಮೇಲೆಯೇ ನಿಂತ ನಾಟಕಕ್ಕೆ ಅದು ದೊಡ್ಡ ನಷ್ಟ.

ಆ ಎರಡು ಹ್ಯಾಲೋಜನ್ ಯಾಕೆ ಅಂದರೆ ಕೊನೆಯ ಕತ್ತಲಿಗೆ. ಅಗ್ಗದ ಎಲ್‌ಇಡಿ ನೂರರಿಂದ ಹತ್ತರವರೆಗೆ ಚೆನ್ನಾಗೇ ಇಳಿಯುತ್ತೆ. ಹತ್ತರಿಂದ ಸೊನ್ನೆಗೆ ಮೆಟ್ಟಿಲಿಳಿದ ಹಾಗೆ ಟಕ್ ಟಕ್ ಅಂತ ಕುಸಿದು ಆರಿಹೋಗುತ್ತೆ. ಹ್ಯಾಲೋಜನ್ ಹಾಗಲ್ಲ. ಬೆಳಕು ಏರಿಳಿಸುವ ಫೇಡರ್ ಸೊನ್ನೆಗೆ ಬಂದ ಮೇಲೂ ತಂತಿ ಅರೆಕ್ಷಣ ಕೆಂಡದಂತೆ ಉಳಿಯುತ್ತೆ, ನಟನ ಕೆನ್ನೆಯ ಏಣಿನ ಮೇಲೆ ತೆಳ್ಳಗೆ ಕಿತ್ತಳೆ ಕಂಡು ಮಾಯವಾಗುತ್ತೆ. ಮೌನದ ನಾಟಕದಲ್ಲಿ ಆ ಅರೆಕ್ಷಣವೇ ಮಾತು. ಅದಕ್ಕಾಗಿ ಒಂದು ಡಿಮ್ಮರ್ ಹೊರುವುದು ಸಾರ್ಥಕ.

ಡಿಎಂಎಕ್ಸ್ ಕೇಬಲ್ ವಿಷಯ, ಅಂದರೆ ಬೆಳಕಿನ ಕನ್ಸೋಲಿನಿಂದ (ನಿಯಂತ್ರಿಸುವ ಪೆಟ್ಟಿಗೆ) ಎಲ್‌ಇಡಿಗಳಿಗೆ ಸಂಕೇತ ಒಯ್ಯುವ ಕೇಬಲ್. ಪಿನ್ ಹೊಂದುತ್ತೆ ಅಂತ ಮೈಕಿನ ಕೇಬಲ್ ಹಾಕುವುದು ಎಲ್ಲ ಕಡೆ ನಡೆಯುವ ತಪ್ಪು. ಹತ್ತು ಅಡಿಗೆ ನಡೆದೀತು. ಉದ್ದವಾದರೆ ಆಟದ ನಡುವೆ ಲೈಟು ತಾನಾಗಿ ಮಿಣುಕುತ್ತೆ. ಡಿಎಂಎಕ್ಸ್‌ಗೆ ಅಂತಲೇ ಬರುವ 120 ಓಮಿನ ಕೇಬಲ್ ಕೊಳ್ಳಿ. ಸರಣಿಯ ಕೊನೆಯ ಲೈಟಿನ ಔಟ್‌ಗೆ 2 ಮತ್ತು 3ನೇ ಪಿನ್ ನಡುವೆ 120 ಓಮಿನ ರೆಸಿಸ್ಟರ್ ಬೆಸುಗೆ ಹಾಕಿದ ಪ್ಲಗ್ ಚುಚ್ಚಿ. ಕೆಲವೇ ರೂಪಾಯಿಯ ಕೆಲಸ. ಪ್ರತಿ ಲೈಟು ಎಂಟು ಚಾನೆಲ್ ಬಳಸುವ ಮೋಡಿನಲ್ಲಿ ಅಡ್ರೆಸ್ (ಆ ಲೈಟಿನ ಮೊದಲ ಚಾನೆಲ್ಲಿನ ಸಂಖ್ಯೆ) 1, 9, 17, 25 ಹೀಗೆ ಇಟ್ಟು ಪ್ರತಿ ಲೈಟಿನ ಬೆನ್ನಿಗೆ ಪೇಂಟಿನಲ್ಲಿ ಬರೆದುಬಿಡಿ. ಕತ್ತಲಲ್ಲಿ ಗುಂಡಿ ಒತ್ತಿ ಹುಡುಕುವ ಹೊತ್ತು ಉಳಿಯುತ್ತೆ.

ಪ್ಲಗ್ ಚುಚ್ಚುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟಿದೆ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎಷ್ಟಿದೆ ನೋಡಿ. ಎರಡನೆಯದು ಎರಡು ಮೂರು ವೋಲ್ಟಿನೊಳಗಿರಬೇಕು. ಹತ್ತಿಪ್ಪತ್ತು ತೋರಿಸಿದರೆ ಅರ್ತ್ ಸರಿಯಿಲ್ಲ ಅಥವಾ ನ್ಯೂಟ್ರಲ್ ಸಡಿಲ. ಮೂರು ಫೇಸಿನ ಸಮುದಾಯ ಭವನದಲ್ಲಿ ನ್ಯೂಟ್ರಲ್ ಬಿಟ್ಟುಕೊಂಡರೆ ಒಂದು ಫೇಸಿನಲ್ಲಿ 300 ದಾಟಬಹುದು, ಎಲ್‌ಇಡಿ ಡ್ರೈವರುಗಳು ಒಟ್ಟಿಗೆ ಸುಟ್ಟುಹೋಗಬಹುದು. ಆದ್ದರಿಂದ ಲೋಡ್ ಹಾಕಿದ ಮೇಲೂ ಇನ್ನೊಮ್ಮೆ ಅಳೆಯಿರಿ. ನಿಮ್ಮದೇ ಬೋರ್ಡ್ ಮಾಡಿಸಿ: 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು), 16ರ ಎಂಸಿಬಿ (ಲೋಡ್ ಮೀರಿದರೆ ಕಡಿಯುವ ಸ್ವಿಚ್ಚು), ಆರು ಸಾಕೆಟ್, 25 ಮೀಟರ್ 4 ಚದರ ಮಿ.ಮೀ. ತಾಮ್ರದ ಮೂರು ಕೋರ್ ವೈರು. ಆಟದ ಹೊತ್ತಿಗೆ ವೈರಿನ ಸುರುಳಿ ಪೂರ್ತಿ ಬಿಚ್ಚಿರಬೇಕು, ಸುತ್ತಿಟ್ಟ ವೈರು ಕಾಯುತ್ತೆ.

ಬೀದಿ ಕಂಬಕ್ಕೆ ಕೊಂಡಿ ಹಾಕಲು ಯಾರಾದರೂ ಮುಂದೆ ಬಂದರೆ ಬೇಡ ಅನ್ನಿ. ಅಪಾಯ, ಅಪರಾಧ ಎರಡೂ. ತಾತ್ಕಾಲಿಕ ಸಂಪರ್ಕ ಬೇಕಿದ್ದರೆ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ, ಅಂದರೆ ಹಾಸನ ಜಿಲ್ಲೆಯಲ್ಲಿ ಸೆಸ್ಕ್, ಚಿಕ್ಕಮಗಳೂರಲ್ಲಿ ಮೆಸ್ಕಾಂಗೆ, ಸಂಘಟಕರೇ ಮೊದಲೇ ಅರ್ಜಿ ಕೊಡಲಿ.

ಕಣ-ಅಂಗಳ

ಬೆಳಕಿನ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ಅದಕ್ಕೂ ಮುಂಚೆ ಒಂದು ನಿರ್ಧಾರ ಆಗಬೇಕು. ಕಲಾಕ್ಷೇತ್ರದ ನಾಟಕವನ್ನು ಊರಿಂದೂರಿಗೆ ಕತ್ತರಿಸುತ್ತ ಹೋದರೆ ಹತ್ತನೇ ಊರಿಗೆ ಚಿಂದಿ ಉಳಿಯುತ್ತೆ. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ಯಾವುದೋ ಅದರ ಅಳತೆಗೆ ನಾಟಕವನ್ನು ಈಗಲೇ ಮತ್ತೆ ಕಟ್ಟಿ. ಇಕ್ಕಟ್ಟಿಗೆ ಕಟ್ಟಿದ್ದನ್ನು ಅಗಲಕ್ಕೆ ಹರಡುವುದು ಸುಲಭ. 1970ರ ದಶಕದಲ್ಲಿ ಬಂಗಾಳಿ ನಾಟಕಕಾರ ಬಾದಲ್ ಸರ್ಕಾರ್ ಕೋಲ್ಕತ್ತದಲ್ಲಿ ವೇದಿಕೆ ಬಿಟ್ಟು ಕೋಣೆಗೆ, ಅಂಗಳಕ್ಕೆ ಇಳಿದು ಅಂಗನಮಂಚ ಅಂತ ಕರೆದದ್ದೂ ಇಂಥ ಯೋಚನೆಯಿಂದಲೇ: ಸೆಟ್ಟು, ಲೈಟು ಬಿಟ್ಟುಕೊಟ್ಟು ನೋಡುವವರನ್ನು ಕೈಗೆಟಕುವಷ್ಟು ಹತ್ತಿರ ಕೂರಿಸುವುದು.

ಎರಡು ತರಗತಿ ಸೇರಿಸಿದಂಥ ಶಾಲೆ ಹಾಲು ಅಂದರೆ 20 ಅಡಿ ಅಗಲ, 40 ಅಡಿ ಉದ್ದ ಹಿಡಿಯಿರಿ. ಒಂದು ತುದಿಯಲ್ಲಿ ಆಡಿ ಎಲ್ಲರನ್ನೂ ಎದುರಿಗೆ ಕೂರಿಸಿದರೆ ಏಳನೇ ಎಂಟನೇ ಸಾಲಿಗೆ ತಲೆಗಳು ಮಾತ್ರ ಕಾಣುತ್ತವೆ. ಬದಲು ನಟ್ಟನಡುವೆ 16 ಅಡಿ ಆಟಕ್ಕೆ ಬಿಟ್ಟು ಎರಡೂ ತುದಿಗೆ ಜನರನ್ನು ಎದುರುಬದುರು ಕೂರಿಸಿ. ಪ್ರತಿ ತುದಿಗೆ 12 ಅಡಿ ಆಳ, ಸಾಲಿಗೆ 3 ಅಡಿಯಂತೆ ನಾಲ್ಕು ಸಾಲು. ಓಡಾಟಕ್ಕೆ 3 ಅಡಿ ಬಿಟ್ಟರೆ ಉಳಿದ 17 ಅಡಿಗೆ ತಲಾ 2 ಅಡಿಯಂತೆ ಎಂಟು ಜನ. ಒಟ್ಟು 64. ಕಡಿಮೆ ಅನ್ನಿಸಬಹುದು, ಆದರೆ 64 ಜನರಿಗೂ ಉಸಿರು ಕೇಳುತ್ತೆ.

ಕಣದಲ್ಲಿ 20 ಅಡಿ ಚೌಕ ಮಾಡಿ ಮೂರು ಕಡೆ ಕೂರಿಸಿ. ಒಂದೊಂದು ಕಡೆಗೆ ಹತ್ತು ಜನರಂತೆ ಸಾಲಿಗೆ 30, ನಾಲ್ಕು ಸಾಲಿಗೆ 120. ಮೂಲೆಗಳಲ್ಲಿ ಯಾರನ್ನೂ ಕೂರಿಸಬೇಡಿ, ನಟರು ಬರುವುದು ಹೋಗುವುದು ಅಲ್ಲಿಂದಲೇ. ಮೊದಲೆರಡು ಸಾಲು ಜಮಖಾನ, ಮೂರನೆಯದು ಬೆಂಚು, ನಾಲ್ಕನೆಯದು ಗಟ್ಟಿ ಡೆಸ್ಕಿನ ಮೇಲೆ. ಇಷ್ಟು ಮಾಡಿದರೂ ನೆಲದಲ್ಲಿ ಮೊಣಕಾಲಿಗಿಂತ ಕೆಳಗೆ ನಡೆಯುವುದು ಜಮಖಾನದ ಎರಡನೇ ಸಾಲಿನಿಂದ ಹಿಂದಕ್ಕೆ ಸರಿಯಾಗಿ ಕಾಣುವುದಿಲ್ಲ. ನಿಮ್ಮ ಮಲಗುವ ದೃಶ್ಯಗಳನ್ನು ಡಬ್ಬಗಳ ಮೇಲೆ ಏರಿಸಿ.

ಡಬ್ಬಗಳನ್ನು ಒಂದರೊಳಗೊಂದು ಕೂರುವಂತೆ ಮತ್ತೆ ಮಾಡಿಸಿ. 12 ಮಿ.ಮೀ. ಪ್ಲೈ, ಒಂದು ಮುಖ ತೆರೆದಿರಲಿ. ದೊಡ್ಡದು 18 ಇಂಚು, ಮುಂದಿನವು 16, 14. ಒಳಮೂಲೆಗೆ ದಪ್ಪ ರೀಪು ಹೊಡೆದರೆ ಒಳಗಿನದು ಕೂರುವುದಿಲ್ಲ, ಅದಕ್ಕೆ ಅಂಟು ಹಾಕಿ ಸ್ಕ್ರೂ ಮಾತ್ರ. 18 ಇಂಚಿನದು ಎಂಟು ಕೆಜಿ ಆಸುಪಾಸು ತೂಗುತ್ತೆ, ಒಬ್ಬರೇ ಎತ್ತಬಹುದು. ಮಲಗುವ ಹಾಸಿಗೆಗೆ ಒಂದೇ ಎತ್ತರದ್ದು ಮೂರು ಬೇಕು. ಹಾಗಾಗಿ 18ರದ್ದು ಮೂರು, ಅವುಗಳ ಹೊಟ್ಟೆಯೊಳಗೆ ಉಳಿದೆರಡು. ಫ್ಲಾಟುಗಳನ್ನು ಬಿಟ್ಟೇಬಿಡಿ. ಎದುರುಬದುರು ಕೂತಾಗ ಅವು ಅರ್ಧ ಜನರಿಗೆ ಅಡ್ಡ.

ಕಣದ ಬಗ್ಗೆ ತಾರೀಕು ನೋಡಿದಿರಾ? ನವೆಂಬರಿನಿಂದ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ ಕೊಯ್ಲು. ಕಣದ ತುಂಬ ಕಾಫಿ ಒಣಗುತ್ತಿರುತ್ತೆ, ಸಂಜೆಯಾದರೆ ಒಟ್ಟಿ ಟಾರ್ಪಾಲು ಹೊದಿಸುತ್ತಾರೆ. ಆಗ ಕಣ ಕೇಳುವುದೇ ತಪ್ಪು. ಕೊಯ್ಲು ಮುಗಿದು ಕಣ ಖಾಲಿಯಾಗುವುದು ಮಾರ್ಚ್ ಕೊನೆಗೆ, ಆ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂಮಳೆ ಯಾವ ಸಂಜೆಯಾದರೂ ಬರಬಹುದು. ಹಾಗಾಗಿ ಕಣದ ಮೂರೂ ಆಟ ಏಪ್ರಿಲ್‌ಗೆ ಹಾಕಿ, ಪಕ್ಕದಲ್ಲೇ ಗೋಡೌನೊಂದನ್ನು ಖಾಲಿ ಮಾಡಿಸಿಡಿ. ಇನ್ನೊಂದು ವಿಷಯ, ನೀರು ನಿಲ್ಲದಿರಲಿ ಅಂತ ಕಣಕ್ಕೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಉರುಳುವ ಪರಿಕರವಿದ್ದರೆ ತಾನೇ ಹೊರಟುಬಿಡುತ್ತೆ. ಜನರನ್ನು ಏರಿನ ಕಡೆ, ಆಟವನ್ನು ತಗ್ಗಿನ ಕಡೆ ಇಡಿ.

ಹಾಸನದ ತಂಡ

ಕಾಫಿ ಒಣಗುವ ಲೆಕ್ಕ ನಮಗೆ ಹೊಳೆದೇ ಇರಲಿಲ್ಲ, ತಾರೀಕು ಬದಲಿಸುತ್ತೇವೆ. ಎದುರುಬದುರು ಕೂರಿಸಿದರೆ ಲೈಟು ನೋಡುವವರ ಕಣ್ಣಿಗೇ ಹೊಡೆಯುವುದಿಲ್ಲವೆ? ಪಿಸುಮಾತಿಗೆ ಕಾಲರ್ ಮೈಕ್ ಬಾಡಿಗೆ ತರಬೇಕೆ?

ಬೆಳಕಿನ ಕೆಲಸ

ಹೊಡೆಯುತ್ತೆ, ಲೈಟು ತಗ್ಗಿನಲ್ಲಿದ್ದರೆ. ಸ್ಟ್ಯಾಂಡ್ 8 ಅಡಿ ಇದ್ದರೆ ಎದುರು ಸಾಲಿನವರು ಕಣ್ಣು ಮುಚ್ಚಿಕೊಂಡೇ ನೋಡಬೇಕು. 11–12 ಅಡಿಗೆ ಏರಿಸಿ, ನಾಲ್ಕು ಮೂಲೆಯಿಂದ ಕೆಳಮುಖವಾಗಿ ಬಿಡಿ, ಬೆಳಕಿನ ಅಂಚು ಮೊದಲ ಸಾಲಿನ ಕಾಲಬೆರಳಿಗೆ ನಿಲ್ಲಲಿ. ತುಂಬ ನೆಟ್ಟಗೆ ಮಾಡಿದರೆ ಕಣ್ಣುಗುಳಿ ಕಪ್ಪಾಗುತ್ತೆ; ನೆಲಕ್ಕೆ ತಿಳಿ ಬಣ್ಣದ ಬಟ್ಟೆ ಹಾಸಿದರೆ ಬೆಳಕು ಪುಟಿದು ಮುಖದ ಕೆಳಭಾಗ ತುಂಬುತ್ತೆ. ಪ್ರತಿ ಸ್ಟ್ಯಾಂಡಿನ ಕಾಲಿಗೆ ಹತ್ತು ಕೆಜಿ ಮರಳಿನ ಚೀಲ, ಪ್ರತಿ ಲೈಟಿಗೆ ಕ್ಲಾಂಪಿನ ಜೊತೆ ಬೇರೆ ಸರಪಳಿ. ಮಕ್ಕಳು ಓಡಾಡುವ ಜಾಗ ಅದು, ಇದರಲ್ಲಿ ರಿಯಾಯಿತಿ ಇಲ್ಲ.

ದನಿ

ಕಾಲರ್ ಮೈಕ್ ಬೇಡ. ಮೈ ಬಳಸುವ ನಾಟಕದಲ್ಲಿ ಬಟ್ಟೆ ಉಜ್ಜಿದ ಸದ್ದೇ ಮಾತಿಗಿಂತ ಜೋರಾಗುತ್ತೆ. ಅದೂ ಅಲ್ಲದೆ ನಟ ಎಡಕ್ಕಿದ್ದಾನೆ, ದನಿ ಬಲಗಡೆಯ ಸ್ಪೀಕರಿನಿಂದ ಬರುತ್ತೆ. ಹತ್ತು ಅಡಿ ದೂರದಲ್ಲಿ ಕೂತವರಿಗೆ ಇದು ಸುಳ್ಳು ಅನ್ನಿಸುತ್ತೆ.

ಸಮುದಾಯ ಭವನದ ತೊಂದರೆ ದನಿ ಸಾಲದಿರುವುದಲ್ಲ, ಹೆಚ್ಚಾಗುವುದು. ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಎತ್ತರದ ಸೂರು. ಹಿಂದಿನ ಅಕ್ಷರ ಇನ್ನೂ ಗೋಡೆಯಿಂದ ಗೋಡೆಗೆ ಓಡಾಡುತ್ತಿರುವಾಗ ಮುಂದಿನದು ಬಂದು ಕೂರುತ್ತೆ. ಸ್ವರ ಕೇಳುತ್ತೆ, ವ್ಯಂಜನ ಕರಗುತ್ತೆ. ಹಾಲಿಗೆ ಹೋದ ಕೂಡಲೇ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ಅದರ ಅನುರಣನದ ಬಾಲ ಎಷ್ಟು ಹೊತ್ತು ಕೇಳುತ್ತೆ ನೋಡಿ. ಒಂದು ಸೆಕೆಂಡು ದಾಟಿದರೆ ಹೀಗೆ ಮಾಡಿ: ಸಿಗುವ ಜಮಖಾನಗಳನ್ನೆಲ್ಲ ನೆಲಕ್ಕೆ ಹಾಸಿ. ಜನರ ಬೆನ್ನಹಿಂದಿನ ಗೋಡೆಗೆ ದಪ್ಪ ಪರದೆಯನ್ನು ನೆರಿಗೆ ಬಿಟ್ಟು, ಗೋಡೆಯಿಂದ ಆರಿಂಚು ದೂರದಲ್ಲಿ ಕಟ್ಟಿ. ಗೋಡೆಗೆ ಅಂಟಿಸಿ ಬಿಗಿದರೆ ಅರ್ಧ ಪ್ರಯೋಜನವೂ ಇಲ್ಲ. ಕಂಬಳಿಯಾದರೆ ಇನ್ನೂ ಒಳ್ಳೆಯದು. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಯೇ ಸಾಕಷ್ಟು ದನಿ ಹೀರುತ್ತೆ, ಹಾಗಾಗಿ ಖಾಲಿ ಹಾಲಿನಲ್ಲಿ ಹೆದರಿ ವೇಗವನ್ನು ತೀರಾ ತಗ್ಗಿಸಬೇಡಿ.

ಫ್ಯಾನ್ ಆಫ್ ಮಾಡಿಸಿ. ಆಟಕ್ಕೆ ಐದು ನಿಮಿಷ ಮುಂಚೆಯೇ ಆರಿಸಿದರೆ ಜನ ಆ ನಿಶ್ಶಬ್ದಕ್ಕೆ ಕಿವಿ ಹೊಂದಿಸಿಕೊಳ್ಳುತ್ತಾರೆ.

ಪಿಸುಮಾತು ಅಂದರೆ ಗಂಟಲು ಬಳಸದ ಬರೀ ಉಸಿರು. ಅದು ಮೂರ್ನಾಲ್ಕು ಸಾಲು ದಾಟದು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತೆ, ಹಿಂದಿನಿಂದ ಪುಟಿಸಲು ಗೋಡೆಯೂ ಇಲ್ಲ, ಮೇಲೆ ಜೀರುಂಡೆ. ಪಿಸುಮಾತನ್ನು ತಗ್ಗಿದ ಗಂಟಲಿನ ದನಿಯಾಗಿ ಬದಲಿಸಿ. ಕ, ತ, ಪ, ಸಗಳನ್ನು ಒತ್ತಿ, ಸ್ವರಗಳನ್ನು ಮೊಟಕು ಮಾಡಿ. ಕಿವಿಗೆ ಪಿಸುಮಾತೇ ಅನ್ನಿಸುತ್ತೆ, ನಾಲ್ಕನೇ ಸಾಲಿಗೂ ಮುಟ್ಟುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಸೂರಿನಡಿ ಮಾತ್ರ ಏನು ಮಾಡಿದರೂ ಆಗದು. ಮಲೆನಾಡಿನ ಮಳೆ ಶೀಟಿಗೆ ಬಿದ್ದರೆ ಪಕ್ಕದವರ ಮಾತೇ ಕೇಳಿಸದು.

ಕಣಕ್ಕೆ 120ಕ್ಕಿಂತ ಹೆಚ್ಚು ಜನ ಬಂದರೆ ಮೈಕಿನ ಬದಲು ಎರಡು ಆಟ ಆಡಿ. ಐದೂವರೆಗೆ ಒಂದು, ಏಳೂವರೆಗೆ ಇನ್ನೊಂದು.

ಮೂಡಿಗೆರೆ ಕಡೆಯ ಸಂಘಟಕಿ

ಮೇಲಿನ ಮಾತೆಲ್ಲ ಒಪ್ಪುತ್ತೇನೆ, ಎರಡು ಆಟದ್ದೊಂದು ಬಿಟ್ಟು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತೋಟಗಳಲ್ಲಿ ರಾತ್ರಿ ಆನೆ ಓಡಾಡುತ್ತವೆ. ಏಳೂವರೆಗೆ ಶುರುವಾದ ಆಟ ಮುಗಿಯುವಷ್ಟರಲ್ಲಿ ಎಂಟೂಮುಕ್ಕಾಲು. ಲೈನ್ ಮನೆಗೆ (ತೋಟದ ಕೆಲಸಗಾರರ ಸಾಲುಮನೆ) ತೋಟದೊಳಗೆ ನಡೆದು ಹೋಗುವ ಹೆಂಗಸರು ಮಕ್ಕಳನ್ನು ಆ ಹೊತ್ತಿಗೆ ಕಳಿಸಲಾಗದು. ಐದೂವರೆಗೆ ಅಂದರೆ ಬೆಳಕು ಇನ್ನೂ ಆರಿರುವುದಿಲ್ಲ, ಏಪ್ರಿಲ್‌ನಲ್ಲಿ ಸೂರ್ಯ ಮುಳುಗುವುದೇ ಆರೂವರೆ ದಾಟಿ. ತೋಟದಲ್ಲಿ ಒಂದೇ ಆಟ, ಆರೂವರೆಗೆ ಶುರು, ಎಂಟರೊಳಗೆ ಜನ ಗುಂಪಾಗಿ ಮನೆ ಸೇರಬೇಕು. ಮೊದಲ ಹತ್ತು ನಿಮಿಷ ಸಂಜೆಬೆಳಕಿನಲ್ಲೇ ನಡೆಯುವಂತೆ ನಾಟಕ ಹೊಂದಿಸಿ, ಲೈಟು ಕತ್ತಲಿನ ಜೊತೆಗೇ ಏರಲಿ. ಆ ದಿನ ಆನೆ ಯಾವ ಕಡೆ ಇದೆ ಅಂತ ತೋಟದವರಿಗೆ ಗೊತ್ತಿರುತ್ತೆ. ಮಧ್ಯಾಹ್ನವೇ ಕೇಳಿ, ಹತ್ತಿರದಲ್ಲಿದ್ದರೆ ಆಟ ನಿಲ್ಲಿಸಿ. ಜನ ಹೆಚ್ಚು ಬರುವಂತಿದ್ದರೆ ಮರುದಿನ ಸಂಜೆ ಇನ್ನೊಂದು ಆಡಿ.

ಬಯಲುಸೀಮೆ ಕಡೆಗೆ, ಅರಸೀಕೆರೆ, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ, ಲೆಕ್ಕ ಬೇರೆ. ಡೈರಿಗೆ ಹಾಲು ಹಾಕಿ ಬಂದ ಮೇಲೆಯೇ ಜನ ಬರುವುದು. ಅಲ್ಲಿ ಏಳೂಕಾಲಕ್ಕೆ ಮುಂಚೆ ಶುರು ಮಾಡಿದರೆ ನಡುನಡುವೆ ಜನ ಬಂದು ಕೂರುತ್ತಾರೆ, ನಿಮ್ಮ ಮೌನ ಒಡೆಯುತ್ತೆ. ಪೋಸ್ಟರ್ ಅಂಟಿಸಲೂ ಡೈರಿಯ ಗೋಡೆಗಿಂತ ಒಳ್ಳೆಯ ಜಾಗವಿಲ್ಲ, ದಿನಕ್ಕೆರಡು ಸಲ ಮನೆಗೊಬ್ಬರು ಅಲ್ಲಿ ಸಾಲು ನಿಲ್ಲುತ್ತಾರೆ. ಸಂತೆ ದಿನ ಎಲ್ಲೂ ಬೇಡ. ಮಾರ್ಚ್‌ನಲ್ಲಿ ಪರೀಕ್ಷೆ, ಶಾಲೆ ಹಾಲು ಕೇಳಬೇಡಿ.

ನಮ್ಮ ಜನಕ್ಕೆ ತಿರುಗಾಟದ ನಾಟಕ ಹೊಸದಲ್ಲ. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರು ಸುತ್ತಿವೆ. ಅದನ್ನು ನೋಡಿದವರು ವೇದಿಕೆ ಎಲ್ಲಿ, ಪರದೆ ಎಲ್ಲಿ ಅಂತ ಕೇಳುವುದು ಸಹಜ. ಆಟಕ್ಕೆ ಮುಂಚೆ ಒಂದೇ ನಿಮಿಷ ಮಾತಾಡಿ: ಹೀಗೆ ಸುತ್ತ ಕೂರುತ್ತೀರಿ, ಮಾತು ಕಡಿಮೆ, 70 ನಿಮಿಷ, ಮುಗಿದ ಮೇಲೆ ಕೂತು ಮಾತಾಡೋಣ. ಅರ್ಥ ವಿವರಿಸಲು ಹೋಗಬೇಡಿ. ಮಕ್ಕಳನ್ನು ಮೊದಲ ಸಾಲಿಗೆ ಕೂರಿಸಿ, ಅವರ ನಡುವೆ ಊರಿನ ಟೀಚರೊಬ್ಬರು ಇರಲಿ.

ಸಂಘಟಕರಿಗೆ ಒಂದು ಪುಟದ ಕಾಗದ ತಿಂಗಳು ಮುಂಚೆ ಕಳಿಸಿ. ಎಷ್ಟು ಅಡಿ ಜಾಗ, ಎಷ್ಟು ಆಂಪಿಯರ್, ಎಷ್ಟು ಜಮಖಾನ, ಬೆಂಚು, ಡೆಸ್ಕು, ಏಳು ಜನರ ಊಟ ಎಷ್ಟು ಹೊತ್ತಿಗೆ, ರಾತ್ರಿ ಮಲಗಲು ಜಾಗ, ಹಾಲಿನ ಬೀಗ ಯಾರ ಕೈಯಲ್ಲಿ. ಕೊನೆಯದನ್ನು ಬರೆಯಲು ಎಲ್ಲರೂ ಮರೆಯುತ್ತಾರೆ. ಹಾಲಿನ ನಾಲ್ಕು ಮೂಲೆಯ ಫೋಟೋ ಮತ್ತು ಮೀಟರ್ ಬೋರ್ಡಿನ ಫೋಟೋ ತರಿಸಿಕೊಳ್ಳಿ. ಪೊಲೀಸ್ ಠಾಣೆಗೆ ಅರ್ಜಿ ಸಂಘಟಕರ ಹೆಸರಲ್ಲೇ ಹೋಗಲಿ. ಧ್ವನಿವರ್ಧಕ ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಇಲ್ಲ. ಬೇರೆಯವರ ಕೃತಿ ಆಧರಿಸಿದ್ದರೆ ಅನುಮತಿ ಪತ್ರದ ನಕಲು ಜೊತೆಗಿರಲಿ. ಬರೆದವರು ತೀರಿಕೊಂಡು 60 ವರ್ಷದವರೆಗೂ ಹಕ್ಕು ಇರುತ್ತೆ.

ದುಡ್ಡಿನ ಬಗ್ಗೆ: ಗಾಡಿ, ಊಟ, ಬಾಡಿಗೆ, ನಟರ ದಿನಗೂಲಿ ಎಲ್ಲ ಕೂಡಿಸಿ ಹತ್ತು ಆಟಕ್ಕೆ ಭಾಗಿಸಬೇಡಿ, ಎಂಟಕ್ಕೆ ಭಾಗಿಸಿ. ಎರಡು ಆಟ ಮಳೆಗೋ ಸಾವಿಗೋ ನಿಲ್ಲುತ್ತೆ ಅಂತಲೇ ಲೆಕ್ಕ ಹಿಡಿಯಿರಿ. ಅರ್ಧ ದುಡ್ಡು ಮುಂಗಡ. ತೋಟದ ಆಟಗಳಲ್ಲಿ ಟಿಕೆಟ್ ಇಡದೆ ಕೊನೆಗೆ ಜೋಳಿಗೆ ಹಿಡಿಯಿರಿ, ಅದನ್ನು ಒಬ್ಬ ನಟರೇ ವೇಷದಲ್ಲಿ ಹಿಡಿದು ನಿಲ್ಲಲಿ.

ಬೆಳಕಿನ ಕೆಲಸ

ತೋಟದಲ್ಲಿ ಜನರೇಟರ್ ಅಂದರೆ ಕೆವಿಎ ಅಂಕಿ ನಂಬಿ ಮೋಸಹೋಗಬೇಡಿ. 2.8 ಕೆವಿಎ ಅಂದರೆ ಕೈಗೆ ಸಿಗುವುದು ಸುಮಾರು 2200 ವ್ಯಾಟ್, ಗಂಟೆಗಟ್ಟಲೆ ನಡೆಸಲು 1600ರ ಆಸುಪಾಸು. ನಿಮ್ಮ ಹ್ಯಾಲೋಜನ್ ಎರಡೂ ಒಟ್ಟಿಗೆ ಪೂರ್ತಿ ಉರಿಯದಂತೆ ಕ್ಯೂ ಬರೆಯಿರಿ. ಜನರೇಟರನ್ನು ಕಟ್ಟಡದ ಮರೆಗೆ, ಗಾಳಿ ಬೀಸುವ ದಿಕ್ಕು ನೋಡಿ, ನೂರಡಿ ಆಚೆ ಇಡಿ. ಕನ್ಸೋಲ್ ಮತ್ತು ಲ್ಯಾಪ್‌ಟಾಪಿಗೆ 600 ವಿಎ ಯುಪಿಎಸ್ ಸಾಕು. ಕರೆಂಟು ಹೋಗಿ ಬಂದಾಗ ಕ್ಯೂ ಕಳೆದುಹೋಗುವುದಿಲ್ಲ. ಚಳಿಗಾಲದ ಬಯಲು ಆಟವಾದರೆ ಉರಿಯುವ ಹ್ಯಾಲೋಜನ್ ಮೇಲೆ ಇಬ್ಬನಿ ಹನಿ ಬೀಳದಂತೆ ತಗಡಿನ ಮುಚ್ಚಳ, ಬಿಸಿ ಗಾಜಿಗೆ ತಣ್ಣನೆ ಹನಿ ತಾಗಿದರೆ ಸಿಡಿಯುತ್ತೆ.

ಹಾಸನದ ತಂಡ

ಫ್ಲಾಟು, ಪಾರ್ ಬಿಟ್ಟೆವು. ಕಣದ ಆಟ ಏಪ್ರಿಲ್‌ಗೆ, ಒಂದೇ ಆಟ. ಏಣಿ ಮಾತ್ರ ಬಿಡಲಾಗದು, ಇಡೀ ಕೊನೆಯ ದೃಶ್ಯ ಅದರ ಮೇಲಿದೆ. ಏಸ್‌ನ ಡೆಕ್ 7 ಅಡಿ, ಏಣಿ 10. ಕ್ಯಾಬಿನ್ ಮೇಲೆ ಓರೆಯಾಗಿ ಕಟ್ಟಬಹುದೆ?

ಕಣ-ಅಂಗಳ

ತೋಟದ ರಸ್ತೆಯಲ್ಲಿ ಕೊಂಬೆಗೆ ತಗಲುತ್ತೆ, ಬಿದಿರು ಒಮ್ಮೆ ಸೀಳು ಬಿಟ್ಟರೆ ಮತ್ತೆ ನಂಬಿ ಹತ್ತಲಾಗದು. ಎರಡು ತುಂಡು ಮಾಡಿ, ಆದರೆ ಸರಿಯಾಗಿ ನಡುವೆ ಕೊಯ್ಯಬೇಡಿ, ಹತ್ತಿದಾಗ ಹೆಚ್ಚು ಬಾಗುವುದು ಅಲ್ಲೇ. ಆರೂವರೆ ಅಡಿಗೆ ಕೊಯ್ಯಿರಿ, ಎರಡು ಮೆಟ್ಟಿಲುಗಳ ನಡುವಿನ ಜಾಗದಲ್ಲಿ, ಗಿಣ್ಣಿನಿಂದ ದೂರ. ಬಿದಿರಿನ ಒಳಗೆ ಬಿಗಿಯಾಗಿ ಕೂರುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, 18 ಇಂಚಿನ ತುಂಡು, ಆಚೆ ಈಚೆ ಒಂಬತ್ತು ಇಂಚು. ಗಿಣ್ಣಿನ ಒಳತಡೆ ಅಡ್ಡ ಬಂದರೆ ಕಬ್ಬಿಣದ ಸಲಾಕೆಯಿಂದ ಒಡೆದು ತೆಗೆಯಿರಿ. ಎರಡೂ ಕಡೆ ಒಂದೊಂದು 8 ಮಿ.ಮೀ. ಬೋಲ್ಟ್. ತೂತು ಕೊರೆಯುವ ಮುಂಚೆಯೇ ತೂತಿನ ಜಾಗದ ಎರಡೂ ಬದಿಗೆ ಬೈಂಡಿಂಗ್ ವೈರ್ ಬಿಗಿದು ಸುತ್ತಿರಬೇಕು, ಇಲ್ಲದಿದ್ದರೆ ಡ್ರಿಲ್ ತಾಗಿದೊಡನೆ ಉದ್ದಕ್ಕೂ ಸೀಳುತ್ತೆ. ಉದ್ದದ ತುಂಡು ಕೆಳಗೆ, ಗಿಡ್ಡದು ಮೇಲೆ. ಪ್ರತಿ ಆಟಕ್ಕೂ ಮುಂಚೆ ತಂಡದಲ್ಲಿ ಎಲ್ಲರಿಗಿಂತ ಭಾರದವರು ಜೋಡಣೆಯ ಮೇಲಿನ ಮೆಟ್ಟಿಲಲ್ಲಿ ಒಂದು ನಿಮಿಷ ನಿಲ್ಲಲಿ, ಇನ್ನಿಬ್ಬರು ಕೆಳಗೆ ಹಿಡಿದಿರಲಿ.